ಯುರೋಪಿನವರ ಸಾಲು

ಮನುಷ್ಯಕುಲದ ಮುಂದಿರುವ ಗಂಭೀರ ಪ್ರಶ್ನೆಗಳಲ್ಲಿ ಮೊಟ್ಟಮೊದಲನೆಯದು, ಅಥೆನ್ಸ್ ವಿಮಾನ ನಿಲ್ದಾಣದಲ್ಲಿ ಇಳಿದವರು ಯಾವ ಸಾಲಿನಲ್ಲಿ ನಿಲ್ಲಬೇಕು ಎಂಬುದು. ಯುದ್ಧ, ರೋಗ, ಉಕ್ಕುತ್ತಿರುವ ಸಮುದ್ರ, ಇವೆಲ್ಲ ಆಮೇಲಿನ ಮಾತು. ಅಲ್ಲಿ ಸಾಲುಗಳು ಎರಡು. ಒಂದು ಯುರೋಪಿನವರದು. ಗಿಡ್ಡನೆಯ ಸಾಲು, ಪಾಸ್‌ಪೋರ್ಟನ್ನು ಯಂತ್ರದ ಮೇಲಿಟ್ಟು ಮುಖ ತೋರಿಸಿದರೆ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ. ಇನ್ನೊಂದು ‘ಇತರ ದೇಶದವರು’ ಎಂಬ ಫಲಕದ ಕೆಳಗಿನದು. ಅದು ಪಟ್ಟಿ ಎಳೆದ ಕಂಬಗಳ ನಡುವೆ ಹೊರಳಿ ಹೊರಳಿ ಕಕ್ಕಸಿನ ಬಾಗಿಲವರೆಗೂ ಹೋಗುತ್ತದೆ. ಮೆಲ್ಬರ್ನಿನ ಓಕ್ಲೀಯಲ್ಲಿ, ಅಂದರೆ ಗ್ರೀಕರು ತಮ್ಮ ದೇಶವನ್ನು ಬಿಟ್ಟು ಬಂದು ಅದನ್ನು ಹೊಗಳುವುದಕ್ಕೆಂದು ಆರಿಸಿಕೊಂಡ ಬಡಾವಣೆಯಲ್ಲಿ, ಒಂದು ಮನೆತನದ ಅಂತಸ್ತು ಅದು ನಿಲ್ಲುವ ಸಾಲಿನಿಂದ ತೀರ್ಮಾನವಾಗುತ್ತದೆ.

ಕರ್ವೇಲಿಸ್ ಮನೆತನದ ಹಿರಿಸೊಸೆ ಅರೆತಿ ಇದನ್ನು ಕಲಿತದ್ದು ನಿಂತುಕೊಂಡೇ. ಆ ಬೇಸಿಗೆ ಅಣ್ಣತಮ್ಮಂದಿರ ಎರಡೂ ಸಂಸಾರ ಒಂದೇ ವಿಮಾನದಲ್ಲಿ ಊರಿಗೆ ಹೋಗಿದ್ದವು. ಇಳಿದದ್ದೇ ತಡ, ಅವಳ ಓರಗಿತ್ತಿ ಕ್ಲಿಯೊ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಎಡಬಲಕ್ಕೆ ಇಟ್ಟುಕೊಂಡು, ಕೈಚೀಲದಿಂದ ಕಡುಗೆಂಪು ಪಾಸ್‌ಪೋರ್ಟುಗಳನ್ನು ತೆಗೆದು, ಇಸ್ಪೀಟಿನ ಎಲೆಗಳ ಹಾಗೆ ಬಿಡಿಸಿ ಹಿಡಿದು ಗಿಡ್ಡ ಸಾಲಿಗೆ ಹೊರಟುಹೋದಳು. ಒಂದು ಮಾತು ಯಾರಿಗೂ ಹೇಳದೆ ಮಾಡಿಸಿಟ್ಟಿದ್ದಳು. ಅರೆತಿ, ಅವಳ ಗಂಡ ಪನಗಿಸ್, ಮಗ ಥ್ರಾಸೋಸ್ ಆಸ್ಟ್ರೇಲಿಯದ ನೀಲಿ ಪುಸ್ತಕ ಹಿಡಿದು ಯಾವುದೋ ಪ್ರವಾಸಿ ತಂಡದ ಬೆನ್ನಿಗೆ ನಿಂತರು. ಆ ಕಡೆ ಬಾಗಿಲು ತೆರೆದುಕೊಂಡಾಗ ಕ್ಲಿಯೊ ತಿರುಗಿ ಕೈ ಎತ್ತಿದಳು.

ಆ ಕೈಯ ಬಗ್ಗೆ ಮುಂದೆ ಬಹಳ ಚರ್ಚೆಯಾಯಿತು. ಐದೂ ಬೆರಳು ಬಿಡಿಸಿ ಅಂಗೈಯನ್ನು ಒಬ್ಬರ ಮುಖದತ್ತ ಹಿಡಿಯುವುದೆಂದರೆ ಗ್ರೀಕರಲ್ಲಿ ಮುಖಕ್ಕೆ ಸಗಣಿ ಬಳಿದ ಲೆಕ್ಕ.

“ಐದು ಬೆರಳು, ಪನಗಿಸ್. ನಾನೇ ನೋಡಿದೀನಿ.”

“ಇನ್ನೇನು, ಒಂದನ್ನ ಮನೇಲಿ ಬಿಟ್ಟು ಬರ್ತಾಳಾ? ಟಾಟಾ ಮಾಡಿದ್ಲು ಕಣೇ.”

“ಟಾಟಾ ಮಾಡೋ ಕೈ ಅಲ್ಲಾಡುತ್ತೆ. ಅದು ಅಲ್ಲಾಡ್ಲಿಲ್ಲ.”

ಪನಗಿಸ್ ಮೀನು ಮತ್ತು ಆಲೂಗಡ್ಡೆ ಕರಿದು ಮಾರುವ ಅಂಗಡಿಯವನು. ಇಡೀ ದಿನ ಕುದಿಯುವ ಎಣ್ಣೆಯ ಮುಂದೆ ನಿಂತವನಿಗೆ ಯಾರ ಕೈ ಅಲ್ಲಾಡಿದರೂ ಒಂದೇ, ಬಿಟ್ಟರೂ ಒಂದೇ. ಅರೆತಿ ಮಾತ್ರ ಮೆಲ್ಬರ್ನಿಗೆ ಬಂದಿಳಿದ ವಾರವೇ ಗ್ರೀಕ್ ದೂತಾವಾಸಕ್ಕೆ ಫೋನು ಮಾಡಿದಳು. ತನಗೂ ಮಗನಿಗೂ ಪಾಸ್‌ಪೋರ್ಟ್ ಬೇಕು. ಗಂಡನದನ್ನು ಕೇಳಿದ್ದಕ್ಕೆ ಅವನು, “ನನ್ನನ್ನ ಎಲ್ಲಿ ನಿಲ್ಸಿದ್ರೂ ನಿಲ್ತೀನಿ, ಕೂತ್ಕೊಳ್ಳೋ ಸಾಲು ಏನಾದ್ರೂ ಇದ್ರೆ ಹೇಳು,” ಎಂದು ಮುಗಿಸಿದ.

ಇದುವರೆಗೆ ಆ ಮನೆಯಲ್ಲಿ ಯಾರೂ ಪಾಸ್‌ಪೋರ್ಟಿನ ಯೋಚನೆ ಮಾಡದಿರುವುದಕ್ಕೆ ಕಾರಣ ಮಾವ, ಹಿರಿಯ ಥ್ರಾಸೋಸ್. ಆತ ಕಲಮಾತಾ ಪಕ್ಕದ ಪೆತ್ರೋವ್ರಿಸಿ ಎಂಬ ಹಳ್ಳಿಯಿಂದ ಹಡಗು ಹತ್ತಿ ಬಂದದ್ದು ಐದು ವರ್ಷ ದುಡಿದು ವಾಪಸ್ಸು ಹೋಗುವುದಕ್ಕೆ. ಬಂದವನು ಮನೆ ಕಟ್ಟಿದ, ಮಕ್ಕಳನ್ನು ಹೆತ್ತ, ಹಿತ್ತಲಲ್ಲಿ ನಿಂಬೆಗಿಡ ನೆಟ್ಟ. ಆದರೆ ಸೂಟ್‌ಕೇಸನ್ನು ಮಾತ್ರ ಬೀರುವಿನ ಮೇಲಿಂದ ಇಳಿಸಲೂ ಇಲ್ಲ, ಅಟ್ಟಕ್ಕೆ ಏರಿಸಲೂ ಇಲ್ಲ. ಯಾರಾದರೂ ಇಲ್ಲಿ ಹೇಗಿದೆ ಎಂದು ಕೇಳಿದರೆ “ಸದ್ಯಕ್ಕೆ ಪರವಾಗಿಲ್ಲ” ಎನ್ನುತ್ತಿದ್ದ. ಹಾಗೆ ಸದ್ಯಕ್ಕೆ ಇದ್ದು ಎಂಬತ್ತೊಂಬತ್ತನೆಯ ವಯಸ್ಸಿನಲ್ಲಿ ಸತ್ತ. ಸ್ಪ್ರಿಂಗ್‌ವೇಲಿನ ಸ್ಮಶಾನದಲ್ಲಿ ಹೂಳುವಾಗ ಅರೆತಿ ಪಾದ್ರಿಗೆ ಗಟ್ಟಿಯಾಗಿ, ನಾಲ್ಕು ಜನಕ್ಕೆ ಕೇಳುವಂತೆ ಹೇಳಿದಳು: “ಸದ್ಯಕ್ಕೆ ಇಲ್ಲೇ ಮಲಗಿಸ್ತಿದೀವಿ, ಫಾದರ್. ಆಮೇಲೆ ಊರಿಗೆ ಕರ್ಕೊಂಡು ಹೋಗ್ತೀವಿ.” ಮೇಲೆ ಕೂರಿಸಿದ ಕಪ್ಪು ಕಲ್ಲನ್ನು ಎತ್ತಲು ಕ್ರೇನು ಬೇಕು.

ಅರೆತಿ ಹುಟ್ಟಿದ್ದು ಮೆಲ್ಬರ್ನಿನ ಆಸ್ಪತ್ರೆಯಲ್ಲಿ. ಆದರೂ ಆಸ್ಟ್ರೇಲಿಯದವರನ್ನು ಅವಳು ‘ಈ ಜನ’ ಎಂದೇ ಕರೆಯುವುದು. ಈ ಜನಕ್ಕೆ ಅಡುಗೆ ಬರುವುದಿಲ್ಲ, ಈ ಜನ ಮುದುಕರನ್ನು ವೃದ್ಧಾಶ್ರಮಕ್ಕೆ ಹಾಕುತ್ತಾರೆ, ಈ ಜನ ಮದುವೆಗೆ ಕರೆದು ಒಂದು ತುಂಡು ಕೇಕು ಕೊಟ್ಟು ಕಳಿಸುತ್ತಾರೆ. ಇಂಥ ಜನರ ನಡುವೆ ಅವಳು ತನ್ನ ಮಗನನ್ನು ಶುದ್ಧ ಗ್ರೀಕನನ್ನಾಗಿ ಬೆಳೆಸಿದ್ದಳು. ಶನಿವಾರದ ಗ್ರೀಕ್ ಶಾಲೆಗೆ ಕಳಿಸಿದ್ದಳು. ಅವನು ಅದರ ಹಿಂದಿನ ಮೈದಾನದಲ್ಲಿ ಚೆಂಡು ಒದ್ದು ಬೆಳೆದಿದ್ದ. ಅವನ ಗ್ರೀಕ್ ಭಾಷೆ ತಿಂಡಿಯ ಹೆಸರುಗಳಿಂದ ಶುರುವಾಗಿ ಬೈಗುಳದಲ್ಲಿ ಮುಗಿಯುತ್ತಿತ್ತು, ನಡುವೆ ಕ್ರಿಯಾಪದಗಳಿರಲಿಲ್ಲ. ಗೆಳೆಯರು ಅವನನ್ನು ರಾಸ್ ಎಂದು ಕರೆಯುತ್ತಿದ್ದರು.

ಕಾಗದಪತ್ರಗಳು ಹಳ್ಳಿಯ ಪುರಸಭೆಗೂ ಮೆಲ್ಬರ್ನಿಗೂ ಓಡಾಡಿ, ಥ್ರಾಸೋಸ್‌ಗೆ ಹದಿನೇಳು ತುಂಬಿದ ಮೇಲೆ ತಾಯಿಮಗನಿಬ್ಬರ ಪಾಸ್‌ಪೋರ್ಟೂ ಬಂತು. ದೂತಾವಾಸದ ಕಿಟಕಿಯಲ್ಲಿದ್ದವಳು ಥೆಸಲೋನಿಕಿಯಿಂದ ಬಂದ ಚಿಕ್ಕ ವಯಸ್ಸಿನ ಗುಮಾಸ್ತೆ. ಪುಸ್ತಕ ಕೊಟ್ಟು ರುಜು ಹಾಕಿಸಿಕೊಂಡು ಅವಳು ಹೇಳಿದಳು:

“ಹದಿನೆಂಟು ದಾಟಿದ ಮೇಲೆ ಊರಿಗೆ ಹೋಗೋದಿದ್ರೆ, ಮೊದ್ಲು ಇಲ್ಲಿಗೆ ಬಂದು ‘ವಿದೇಶದ ಖಾಯಂ ನಿವಾಸಿ’ ಅಂತ ಒಂದು ಪತ್ರ ಮಾಡಿಸ್ಕೊಂಡು ಹೋಗಿ. ಇಲ್ಲಾಂದ್ರೆ ಸೈನ್ಯಕ್ಕೆ ಸೇರು ಅಂತ ಹಿಡ್ಕೋತಾರೆ. ನಮ್ಮಲ್ಲಿ ಗಂಡುಹುಡುಗರಿಗೆ ಅದು ಕಡ್ಡಾಯ, ಗೊತ್ತಲ್ಲ.”

“ಯಾರು ಖಾಯಂ ನಿವಾಸಿ?”

“ನಿಮ್ಮ ಮಗ.”

“ಎಲ್ಲೀದು?”

“ಇಲ್ಲೀದು ಅಮ್ಮಾವ್ರೇ. ಇಲ್ಲೇ ಹುಟ್ಟಿದ್ದು, ಇಲ್ಲೇ ಇರೋದು ಅಲ್ವಾ?”

“ಇರೋದು ಬೇರೆ, ಖಾಯಮ್ಮಾಗಿ ಇರೋದು ಬೇರೆ. ನಾವು ಸದ್ಯಕ್ಕೆ ಇಲ್ಲಿದೀವಿ.”

“ಎಷ್ಟು ವರ್ಷದಿಂದ?”

ಅರೆತಿಯ ಕುತ್ತಿಗೆ ಕೆಂಪಾಯಿತು. “ಅಲ್ಲ ಮಗಳೇ, ಈಗ ತಾನೆ ಗ್ರೀಕ ಅಂತ ಪುಸ್ತಕ ಕೊಟ್ಟೆ. ಅದರ ಶಾಯಿ ಆರೋಕೆ ಮುಂಚೆ ಪರದೇಶಿ ಅಂತ ಚೀಟಿ ಅಂಟಿಸ್ತೀಯಾ? ಅದೇನು ಕೊಡೋ ಕೈಯೋ, ಕಿತ್ಕೊಳ್ಳೋ ಕೈಯೋ?”

“ಬರೀ ಒಂದು ಕಾಗದ ಅಮ್ಮಾವ್ರೇ. ಎಲ್ಲಾ ಹುಡುಗರೂ ಮಾಡಿಸ್ಕೋತಾರೆ.”

“ಎಲ್ಲಾ ಹುಡುಗರ ತಾಯಂದಿರಿಗೂ ಮಾನ ಇರಬೇಕು ಅಂತೇನಿಲ್ಲ.”

ಗುಮಾಸ್ತೆ ಮುಂದಿನವರನ್ನು ಕರೆದಳು. ಅರೆತಿ ಪಾಸ್‌ಪೋರ್ಟಿಗೆ ಮೂರು ಸಲ ಥೂ ಥೂ ಥೂ ಎಂದು ದೃಷ್ಟಿ ತೆಗೆದು ಹೊರಗೆ ಬಂದಳು.

ಮುಂದಿನ ಎರಡು ವರ್ಷ ಮಗನ ಆ ಪುಸ್ತಕ ಓಕ್ಲೀಯಲ್ಲಿ ಬಹಳ ಪ್ರಯಾಣ ಮಾಡಿತು. ಕಾಫಿ ಅಂಗಡಿಗೆ ಹೋಯಿತು, ತಮ್ಮ ಹೆಸರಿನ ಸಂತನ ದಿನದಂದು ಜನ ಆಚರಿಸುವ ಹೆಸರಿನ ಹಬ್ಬಗಳಿಗೆ ಹೋಯಿತು, ಭಾನುವಾರ ಚರ್ಚಿನ ಹಿಂದಿನ ಸಭಾಂಗಣದಲ್ಲಿ ಕಾಫಿ ಬಿಸ್ಕತ್ತಿನ ನಡುವೆ ಕೈಯಿಂದ ಕೈಗೆ ದಾಟಿತು. ಥ್ರಾಸೋಸ್ ಮಾತ್ರ ಎಲ್ಲಿಗೂ ಹೋಗಲಿಲ್ಲ. ಅವನು ಶಾಲೆ ಮುಗಿಸಿ ಅಪ್ಪನ ಅಂಗಡಿಯಲ್ಲಿ ಮೀನು ಕರಿಯುತ್ತಿದ್ದ, ಮತ್ತು ಅದನ್ನು ದ್ವೇಷಿಸುತ್ತಿದ್ದ. ಎಷ್ಟು ಸೋಪು ಹಚ್ಚಿದರೂ ಕೂದಲಿನಿಂದ ಎಣ್ಣೆಯ ವಾಸನೆ ಹೋಗದು. ಹುಡುಗಿಯರು ಪಕ್ಕಕ್ಕೆ ಬಂದು ಕೂತವರು ಹಸಿವಾಯಿತೆಂದು ಎದ್ದುಹೋಗುತ್ತಾರೆ. ಅವನು ವಿದ್ಯುತ್ ಕೆಲಸ ಕಲಿಯಲು ಕಂಡಕಂಡವರನ್ನು ಕೇಳಿದ. ಕಡೆಗೆ ಡ್ಯಾರಿಲ್ ಎಂಬ ಮೇಸ್ತ್ರಿ ಒಪ್ಪಿಕೊಂಡ. ನಾಲ್ಕು ವರ್ಷದ ಕಲಿಕೆ, ಕೈಯಲ್ಲೊಂದು ಪರವಾನಗಿ, ಜನ್ಮದಲ್ಲಿ ಮತ್ತೆ ಬಾಣಲೆ ಮುಟ್ಟುವ ಹಾಗಿಲ್ಲ. ಶುರು ಸೆಪ್ಟೆಂಬರಿನ ಮೊದಲ ಸೋಮವಾರ.

“ಊರಿಗೆ ಹೋಗಿ ಬಾ, ತಿಂದು ಬಾ,” ಎಂದಿದ್ದ ಡ್ಯಾರಿಲ್. “ಆದ್ರೆ ರಾಸ್, ಸೋಮವಾರ ಬೆಳಗ್ಗೆ ವ್ಯಾನು ಹೊರಡುತ್ತೆ. ನೀನು ಒಳಗಿದ್ರೆ ನೀನು. ಇಲ್ದಿದ್ರೆ ಇನ್ನೊಬ್ಬ. ನನಗೆ ಬೇಜಾರಿಲ್ಲ.”

ಅದಕ್ಕೆ ಮುಂಚಿನ ಜುಲೈಯಲ್ಲಿ ಊರಿಗೆ ಹೋಗುವುದೆಂದು ಗೊತ್ತಾಯಿತು. ಪನಗಿಸ್ ಅಂಗಡಿ ನೋಡಿಕೊಳ್ಳುತ್ತಾನೆ. ಅರೆತಿ, ಥ್ರಾಸೋಸ್, ಜೊತೆಗೆ ಕ್ಲಿಯೊ ಮತ್ತು ಅವಳ ಹೆಣ್ಣುಮಕ್ಕಳು. ಹೊರಡುವ ಹಿಂದಿನ ಭಾನುವಾರ ಚರ್ಚಿನ ಅಂಗಳದಲ್ಲಿ ಕ್ಲಿಯೊ ಅರೆತಿಯ ತೋಳು ಹಿಡಿದು ಪಕ್ಕಕ್ಕೆ ಕರೆದಳು.

“ಅಕ್ಕಾ, ಹುಡುಗನಿಗೆ ಅದೇನೋ ಸೈನ್ಯದ ಕಾಗದ ಬೇಕಂತಲ್ಲ, ಮಾಡ್ಸಿದೀಯಾ? ನನ್ನ ತಮ್ಮನ ಮಗನಿಗೆ ಮಾಡ್ಸಿದ್ರು.”

“ನಿನಗ್ಯಾಕೆ ಆ ಚಿಂತೆ? ನಿನಗಿರೋದು ಹೆಣ್ಣುಮಕ್ಕಳು.”

“ಅದಕ್ಕೇ ನನಗೆ ಚಿಂತೆ ಇಲ್ಲ. ನಿನಗೆ ಹೇಳ್ತಿದೀನಿ.”

“ನಿನ್ನ ತಮ್ಮನ ಮಗ ಖಾಯಮ್ಮಾಗಿ ಇಲ್ಲೇ ಸಾಯೋನು, ಮಾಡಿಸ್ಕೊಳ್ಳಲಿ. ನನ್ನ ಮಗನಿಗಿರೋದು ಅವನಜ್ಜನ ಹೆಸರು. ಅವನು ಪರದೇಶದವನು ಅಂತ ನಾನು ಬರೆಸಲ್ಲ.”

ಕ್ಲಿಯೊ, ಗ್ರೀಕರು ‘ಆಗದು’ ಎನ್ನುವಾಗ ಮಾಡುವ ಹಾಗೆ, ಹಲ್ಲಿನ ನಡುವೆ ಚ್ ಎಂದು ಗಲ್ಲ ಮೇಲಕ್ಕೆತ್ತಿದಳು. ಅರೆತಿಗೆ ಅದರಲ್ಲಿ ಕಂಡದ್ದು ಹೊಟ್ಟೆಕಿಚ್ಚು. ಅದು ಕೂಡ ಇತ್ತು ಅನ್ನಿ. ಆದರೆ ಜನ ಹೊಟ್ಟೆಕಿಚ್ಚಿನಿಂದಲೂ ಒಮ್ಮೊಮ್ಮೆ ನಿಜ ಹೇಳುವುದುಂಟು.

ಅಥೆನ್ಸಿನಲ್ಲಿ ಇಳಿದಾಗ ಅರೆತಿ ಸ್ನಾನಗೃಹಕ್ಕೆ ಹೋಗಿ ತುಟಿಗೆ ಬಣ್ಣ ತೀಡಿಕೊಂಡು ಬಂದು ಗಿಡ್ಡ ಸಾಲಿನಲ್ಲಿ ನಿಂತಳು. ಯಂತ್ರ ಅವಳ ಮುಖ ನೋಡಿತು, ಬಾಗಿಲು ತೆರೆಯಿತು. ಈ ಗಳಿಗೆಗಾಗಿ ಅವಳು ಒಂದು ಕೈಯನ್ನು ಮೂರು ವರ್ಷದಿಂದ ಕಾಯ್ದಿಟ್ಟಿದ್ದಳು. ತಿರುಗಿ ಎತ್ತಬೇಕು, ಅಲ್ಲಾಡಿಸಬಾರದು. ತಿರುಗಿದಳು. ಕ್ಲಿಯೊ ಅವಳ ಬೆನ್ನ ಹಿಂದೆ, ಅದೇ ಸಾಲಿನಲ್ಲಿ, ಮಗಳ ಜಡೆ ಸರಿಮಾಡುತ್ತ ನಿಂತಿದ್ದಳು. ಉದ್ದ ಸಾಲಿನಲ್ಲಿ ಅರೆತಿಗೆ ಗುರುತಿನ ಒಂದು ನರಪಿಳ್ಳೆಯೂ ಇರಲಿಲ್ಲ. ಎತ್ತಿದ ಕೈಯನ್ನು ಇಳಿಸುವುದು ಹೇಗೆಂದು ತಿಳಿಯದೆ ಅವಳು ಅದನ್ನು ಮಗು ಎತ್ತಿಕೊಂಡ ಒಬ್ಬ ಅಪರಿಚಿತಳತ್ತ ತೋರಿಸಿದಳು. ಆಕೆ ಪಾಪ ಮಗುವಿನ ಕೈ ಹಿಡಿದು ಟಾಟಾ ಮಾಡಿಸಿದಳು.

ಪೆತ್ರೋವ್ರಿಸಿಯಲ್ಲಿ ಅರೆತಿ ಮನೆಮನೆಗೆ ಹೋಗಿ, “ಥ್ರಾಸೋಸ್ ಮನೆಗೆ ಬಂದಿದಾನೆ,” ಎಂದು ಸಾರಿದಳು. ಹಳ್ಳಿಯವರು ಅವನನ್ನು ನೋಡಿ, ಬೆನ್ನು ತಟ್ಟಿ, ‘ಆಸ್ಟ್ರೇಲಿಯದ ಹುಡುಗ’ ಎಂದು ಕರೆದರು. ಎರಡನೆಯ ವಾರದಿಂದ ಬರೀ ‘ಕಾಂಗರೂ’ ಎಂದರು. ಅವನು ಸಮುದ್ರದಲ್ಲಿ ಈಜಿದ, ತಿಂದ, ಫೋನಿನಲ್ಲಿ ಮೆಲ್ಬರ್ನಿನ ಫುಟ್‌ಬಾಲ್ ನೋಡಿದ. ಆಗಸ್ಟಿನ ನಡುವೆ ವಾಪಸ್ಸು ಹೊರಟರು.

ಹೊರಗೆ ಹೋಗುವಾಗ ಯಂತ್ರ ಕೆಟ್ಟಿತ್ತು. ಗಾಜಿನ ಗೂಡಿನಲ್ಲಿ ಮನುಷ್ಯನೇ ಕೂತಿದ್ದ. ಕ್ಲಿಯೊ ಮತ್ತು ಮಕ್ಕಳು ದಾಟಿದರು. ಅರೆತಿ ದಾಟಿದಳು. ಥ್ರಾಸೋಸನ ಪುಸ್ತಕವನ್ನು ಇಟ್ಟುಕೊಂಡು ಅಧಿಕಾರಿ ಪರದೆಯನ್ನು ನೋಡಿದ, ಮತ್ತೆ ನೋಡಿದ.

“ಸೈನ್ಯದ ಕಾಗದ?”

ಥ್ರಾಸೋಸ್ ತಾಯಿಯತ್ತ ತಿರುಗಿದ. ಅರೆತಿ ಗೂಡಿನ ಹತ್ತಿರ ಹಿಂದಕ್ಕೆ ಬಂದಳು. “ಯಾವ ಕಾಗದ? ಅವನು ರಜೆಗೆ ಬಂದಿರೋದು.”

“ಅಮ್ಮಾವ್ರೇ, ಇವನು ಗ್ರೀಕ್ ಪ್ರಜೆ. ವಯಸ್ಸು ಹತ್ತೊಂಬತ್ತು. ಭರ್ತಿಗೆ ಕರೆದಿದಾರೆ, ಬಂದಿಲ್ಲ. ತಪ್ಪಿಸ್ಕೊಂಡೋನು ಅಂತ ಬರ್ದಿದೆ. ದೇಶ ಬಿಟ್ಟು ಹೋಗೋ ಹಾಗಿಲ್ಲ.”

ಅರೆತಿಗೆ ಬುದ್ಧಿ ಓಡಿತು. ಚೀಲ ಕೆದಕಿ ನೀಲಿ ಪುಸ್ತಕ ತೆಗೆದು ಗಾಜಿನ ಕೆಳಗೆ ತಳ್ಳಿದಳು. “ತಗೋ. ಅವನು ಆಸ್ಟ್ರೇಲಿಯದವನು.”

ಅಧಿಕಾರಿ ಹಾಳೆ ಮಗುಚಿದ. ಮೂರು ವರ್ಷದ ಹಿಂದಿನ ಮುದ್ರೆ ಬಿಟ್ಟರೆ ಖಾಲಿ. “ಇದರ ಪ್ರಕಾರ ಇವನು ಈ ಸಲ ಗ್ರೀಸಿಗೆ ಬಂದೇ ಇಲ್ಲ.”

“ಕಣ್ಣೆದುರಿಗೇ ನಿಂತಿದಾನಲ್ಲಯ್ಯ!”

“ನಿಂತಿರೋನು ಕೆಂಪು ಪುಸ್ತಕದವನು. ನೀಲಿ ಪುಸ್ತಕದವನನ್ನ ಬೇಕಾದ್ರೆ ಈಗಲೇ ಕಳಿಸ್ಕೊಡ್ತೀನಿ. ಆದ್ರೆ ಅವನಿನ್ನೂ ಬಂದಿಲ್ವಲ್ಲ.”

ಹಿಂದಿನ ಸಾಲು ಗೊಣಗಿತು. ದೂರದಲ್ಲಿ ಕ್ಲಿಯೊ ನಿಂತು ನೋಡುತ್ತಿದ್ದಳು. ವಿಮಾನಕ್ಕೆ ಹೊತ್ತಾಗಿತ್ತು, ಮಕ್ಕಳು ಎಳೆಯುತ್ತಿದ್ದರು. ಅವಳು ಕೈ ಎತ್ತಲು ಹೋದವಳು ಏನೋ ನೆನಪಾಗಿ ಬೆರಳು ಮಡಚಿ, ಮುಷ್ಟಿಯನ್ನು ಜೇಬಿಗೆ ಹಾಕಿಕೊಂಡು ಹೊರಟುಹೋದಳು. ಅರೆತಿಗೆ ಅದು ಬಿಡಿಸಿದ ಅಂಗೈಗಿಂತ ಹೆಚ್ಚು ಉರಿಯಿತು.

ಮರುದಿನ ತಾಯಿಮಗ ಅಥೆನ್ಸಿನ ಸೇನಾ ಭರ್ತಿ ಕಚೇರಿಯಲ್ಲಿ ಕೂತಿದ್ದರು. ಫ್ಯಾನು ತಿರುಗುತ್ತಿತ್ತು, ಗಾಳಿ ಬರುತ್ತಿರಲಿಲ್ಲ. ಮೇಜಿನ ಹಿಂದಿನ ಗುಮಾಸ್ತ ದಪ್ಪ ಮೀಸೆಯವನು, ಕೆಟ್ಟವನಲ್ಲ. ಇಂಥ ತಾಯಂದಿರನ್ನು ಪ್ರತಿ ಬೇಸಿಗೆಯೂ ನೋಡಿದವನು. ಅದರ ಮರುದಿನ ಕನ್ಯಾಮಾತೆಯ ಹಬ್ಬ. ಇಡೀ ಕಚೇರಿಯ ಒಂದು ಕಾಲು ಆಗಲೇ ದೋಣಿಯಲ್ಲಿತ್ತು.

“ಸುಲಭದ ಕೆಲಸ,” ಎಂದ. “ಹುಡುಗ ತಂದೆತಾಯಿ ಮನೇಲಿ ಇರೋನು. ಅದಕ್ಕೆ ತಂದೆಯೋ ತಾಯಿಯೋ ಹೇಳಿಕೆ ಕೊಡಬೇಕು, ನಮ್ಮ ಸಂಸಾರ ಖಾಯಮ್ಮಾಗಿ ವಿದೇಶದಲ್ಲಿ ನೆಲೆಸಿದೆ ಅಂತ. ನೀವು ಬಾಯಲ್ಲಿ ಹೇಳಿ, ನಾನು ಬರ್ಕೋತೀನಿ. ಸಾಹೇಬರು ಒಳಗಿದಾರೆ, ಈಗಲೇ ರುಜು ಆಗುತ್ತೆ. ಬಾಕಿ ಪುರಾವೆ ನಿಮ್ಮೆಜಮಾನ್ರು ಆ ಕಡೆಯಿಂದ ಕಳಿಸಲಿ. ಮುಂದಿನ ವಾರ ಹುಡುಗ ವಿಮಾನದಲ್ಲಿ. ನಾಳೆಯಿಂದ ಇಲ್ಲಿ ರುಜು ಹಾಕೋರು ಯಾರೂ ಇರಲ್ಲ, ನೋಡಿ. ಸಾಹೇಬರು ನಾಕ್ಸೋಸ್ ದ್ವೀಪಕ್ಕೆ ಹೋಗ್ತಾರೆ. ಅವರು ಬಂದ ಮೇಲೆ ನಾನು ಹೋಗ್ತೀನಿ.”

“ಅಮ್ಮ, ಹೇಳಿಬಿಡು,” ಎಂದ ಥ್ರಾಸೋಸ್. “ಸೋಮವಾರದ ವ್ಯಾನು.”

“ಸುಮ್ನಿರು. ಮರ್ಯಾದೆ ಗೊತ್ತಿಲ್ಲದೋರ ಹಾಗೆ ವ್ಯಾನು ವ್ಯಾನು ಅಂತ.”

“ಅಜ್ಜ ಏನನ್ನೋನೋ ಅಂತಾನಾ ನಿನಗೆ ಯೋಚನೆ? ಅಜ್ಜ ಸ್ಪ್ರಿಂಗ್‌ವೇಲಿನಲ್ಲಿದಾನಮ್ಮ. ಅವನಿಗಿಂತ ಖಾಯಮ್ಮಾಗಿ ಯಾರೂ ಅಲ್ಲಿ ಇರೋಕಾಗಲ್ಲ.”

ಗುಮಾಸ್ತ ಲೇಖನಿ ಹಿಡಿದ. “ನೀವು ಎಲ್ಲಿ ವಾಸ, ಅಮ್ಮಾವ್ರೇ?”

“ಓಕ್ಲೀಯಲ್ಲಿ.”

“ಅದು ಆಸ್ಟ್ರೇಲಿಯದಲ್ಲಿದೆ.”

“ಇದೆ.”

“ಖಾಯಮ್ಮಾಗಿ ಅಲ್ಲೇ.”

ಹೇಳಬೇಕಾದ್ದು ಒಂದು ಮಾತು. ಅರೆತಿ ಬಾಯಿ ತೆರೆದಳು. ಪಕ್ಕದಲ್ಲಿ ಕೂತ ಮಗ, ಅವನ ಅಗಲವಾದ ಕೈಗಳು, ಮಣಿಕಟ್ಟಿನ ಮೇಲೆ ಎಣ್ಣೆ ಸಿಡಿದ ಚುಕ್ಕೆಗಳು ಕಣ್ಣಿಗೆ ಬಿದ್ದವು. ಬೀರುವಿನ ಮೇಲೆ ಅರವತ್ತು ವರ್ಷದಿಂದ ಇಳಿಯದೆ ಕೂತ ಸೂಟ್‌ಕೇಸೂ ಕಣ್ಣಿಗೆ ಕಟ್ಟಿತು. ಒಂದು ಕ್ಷಣ, ಅವಳು ಹೇಳಿಯೇಬಿಡುತ್ತಾಳೆ ಎನ್ನುವಂತಿತ್ತು. ಥ್ರಾಸೋಸ್ ಎದ್ದುನಿಲ್ಲಲು ಕುರ್ಚಿಯನ್ನು ಹಿಂದಕ್ಕೆ ಸರಿಸಿದ್ದ.

“ಸದ್ಯಕ್ಕೆ,” ಎಂದಳು ಅರೆತಿ.

ಗುಮಾಸ್ತ ಲೇಖನಿಯ ತುದಿಯನ್ನು ಕಾಗದದಿಂದ ಎತ್ತಿದ. “ಸದ್ಯಕ್ಕೆ ಅಂದ್ರೆ ಆಗಲ್ಲ. ಸದ್ಯಕ್ಕೆ ಇರೋರು ವಾಪಸ್ಸು ಬರ್ತಾರೆ. ವಾಪಸ್ಸು ಬರೋರು ಸೈನ್ಯ ಸೇರಬೇಕು.”

“ಬರ್ತೀವಿ.”

“ಯಾವಾಗ?”

“ಅದನ್ನ ನಿನಗೆ ಹೇಳಬೇಕಾ?”

“ಅಮ್ಮ!” ಎಂದ ಥ್ರಾಸೋಸ್. ಆಮೇಲೆ ತನಗೆ ಬರುವ ಗ್ರೀಕ್ ಭಾಷೆಯ ಉತ್ತರಾರ್ಧವನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದ. ಗುಮಾಸ್ತ ಅದನ್ನು ಆಸಕ್ತಿಯಿಂದ ಕೇಳಿ, “ಭಾಷೆ ಚೆನ್ನಾಗಿ ಉಳಿಸ್ಕೊಂಡಿದೀಯ,” ಎಂದು ಕಾಗದವನ್ನು ಡ್ರಾಯರಿಗೆ ಹಾಕಿ ಬೀಗ ತಿರುವಿದ. ಹಬ್ಬದ ಗಂಟೆ ಆಗಲೇ ಹೊಡೆಯತೊಡಗಿತ್ತು.

ಅರೆತಿ ಮೆಲ್ಬರ್ನಿಗೆ ಒಬ್ಬಳೇ ಬಂದಳು. ಚರ್ಚಿನ ಸಭಾಂಗಣದಲ್ಲಿ ಕೇಳಿದವರಿಗೆಲ್ಲ, “ಮಗ ತಾಯ್ನಾಡು ಬಿಟ್ಟು ಬರೋಕೆ ಒಪ್ಪಲಿಲ್ಲ, ರಕ್ತ ನೋಡಿ,” ಎಂದಳು. ಕೇಳಿದವರು ಪುಣ್ಯವಂತೆ ಎಂದರು. ಕ್ಲಿಯೊ ಅಲ್ಲೇ ಇದ್ದಳು. ಕೈ ಚಾಚಿ ಇನ್ನೊಂದು ಬಿಸ್ಕತ್ತು ತೆಗೆದುಕೊಂಡಳು. ಥ್ರಾಸೋಸ್ ಕಲಮಾತಾದ ಕಡಲ ದಂಡೆಯಲ್ಲಿ ದೂರದ ನೆಂಟನೊಬ್ಬನ ಹೋಟೆಲಿನಲ್ಲಿ ಉಳಿದುಕೊಂಡು, ಬಾಡಿಗೆಯ ಬದಲು ಪ್ರವಾಸಿಗಳಿಗೆ ಮೀನು ಕರಿದುಕೊಡುತ್ತಿದ್ದ. ನೆಂಟ, “ಕಾಂಗರೂ ಕೈಗುಣ ಚೆನ್ನಾಗಿದೆ,” ಎಂದು ಮೆಚ್ಚಿದ.

ಸೈನ್ಯದ ಕಾಗದವಿಲ್ಲದೆ ಮಗನನ್ನು ತಡೆದಿಟ್ಟ ವಿಷಯ ಕ್ಲಿಯೊಳಿಂದಲೇ ಪನಗಿಸನಿಗೆ ತಿಳಿಯಿತು. ಅವನು ಹೆಂಡತಿಗೆ ಏನೂ ಹೇಳದೆ ಒಂದು ಮಧ್ಯಾಹ್ನ ಅಂಗಡಿಗೆ ಬೀಗ ಹಾಕಿ, ಏಪ್ರನ್ ಮೇಲೆಯೇ ಕೋಟು ಹಾಕಿಕೊಂಡು ದೂತಾವಾಸಕ್ಕೆ ಹೋದ.

“ವಿದೇಶದಲ್ಲಿ ಖಾಯಮ್ಮಾಗಿ ನೆಲೆಸಿದೀರಾ?” ಎಂದು ಕೇಳಿದಳು ಕಿಟಕಿಯ ಗುಮಾಸ್ತೆ.

“ಇನ್ನೆಲ್ಲಿಗೆ ಹೋಗ್ಲಿ ತಾಯಿ?” ಎಂದು ಪನಗಿಸ್ ರುಜು ಹಾಕಿದ.

ಪತ್ರ ಅಕ್ಟೋಬರಿನಲ್ಲಿ ಬಂತು. ಥ್ರಾಸೋಸ್ ಮೆಲ್ಬರ್ನಿಗೆ ಬಂದಿಳಿಯುವಷ್ಟರಲ್ಲಿ ಡ್ಯಾರಿಲ್‌ನ ವ್ಯಾನಿನಲ್ಲಿ ಬೇರೆ ಹುಡುಗನಿದ್ದ. ಅವನು ಈಗ ಅಪ್ಪನ ಅಂಗಡಿಯಲ್ಲಿ ಮೀನು ಕರಿಯುತ್ತಾನೆ. ಮರುವರ್ಷ ರಜೆಗೆ ನೀಲಿ ಪುಸ್ತಕ ಹಿಡಿದು ಬಾಲಿಗೆ ಹೋಗಿ ಬಂದ.